ಕನ್ನಡಕ ತೆಗೆಸಲು ಹೋದವನು ತಂದ ಪ್ರಶ್ನೆ

ಕಳೆದ ವರ್ಷ ಮಳೆಗಾಲದ ಒಂದು ಭಾನುವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಡೆಂಕಣಿಕೋಟೆ ಕಡೆಯ ಹುಡುಗ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಐಟಿಐ ಮುಗಿಸಿ, ಈಗ ಹೊಸೂರು ಸಿಪ್ಕಾಟ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮದುವೆ ಗೊತ್ತಾಗಿತ್ತು. ಅದಕ್ಕೆ ಮುಂಚೆ ಕನ್ನಡಕ ತೆಗೆಸಿಬಿಡಬೇಕು ಅನ್ನೋದು ಅವನ ಆಸೆ. ಹುಡುಗಿ ಕಡೆಯವರೇನೂ ಕೇಳಿರಲಿಲ್ಲವಂತೆ, ಇವನಿಗೇ ಹಾಗನಿಸಿದ್ದು. ಜಾಹೀರಾತು ನೋಡಿ ಒಂದು ಕಡೆ ಹೋಗಿದ್ದಾನೆ (ಎಲ್ಲಿ ಅಂತ ಬೇಡ ಬಿಡಿ). ಹತ್ತು ನಿಮಿಷ ನೋಡಿ, "ಮುಂದಿನ ವಾರವೇ ಲೇಸರ್ ಮಾಡೋಣ, ಮುಂಗಡ ಕಟ್ಟಿ" ಅಂದರಂತೆ. ಜೊತೆ ಕೆಲಸಗಾರನೊಬ್ಬ "ಇನ್ನೊಂದು ಕಡೆ ತೋರಿಸು ಮಾರಾಯ" ಅಂದದ್ದಕ್ಕೆ ಬೆಂಗಳೂರಿಗೆ ಹೋಗಿ ತೋರಿಸಿದ. ಅಲ್ಲಿ ಕಣ್ಣಿನ ಬಣ್ಣಬಣ್ಣದ ನಕ್ಷೆ ತೆಗೆದು, ಬೇರೆಯೇ ಮಾತು ಹೇಳಿ ಕಳಿಸಿದರು.

ಆ ನಕ್ಷೆಯನ್ನು ನಮ್ಮ ಮುಂದೆ ಹರಡಿ ಕೂತ. ಹಳದಿ, ಹಸಿರು ಬಣ್ಣಗಳ ನಡುವೆ, ಸ್ವಲ್ಪ ಕೆಳಗೆ, ಒಂದು ಕೆಂಪು ಗುಡ್ಡೆ. "ಕಾರ್ನಿಯಾ ತೆಳುವಾಗಿದೆ, ಉಬ್ಬುತ್ತಾ ಇದೆ. ಬರೀ ಲೇಸರ್ ಮಾಡಿದರೆ ಕಣ್ಣು ಕೆಡುತ್ತೆ. ಮೊದಲು ಗಟ್ಟಿ ಮಾಡಬೇಕು. ಬೇಕಾದರೆ ಅದರ ಜೊತೆಗೇ ಒಂಚೂರು ಲೇಸರ್ ಮಾಡಬಹುದು ಅಂತಾರೆ ಮೇಷ್ಟ್ರೇ" ಅಂದ. ಆಮೇಲೆ ಕೇಳಿದ ಪ್ರಶ್ನೆ ನಮ್ಮನ್ನು ಹಿಡಿದುಹಾಕಿತು. "ಒಂದು ಕೈಯಲ್ಲಿ ಗಟ್ಟಿ ಮಾಡ್ತಾರೆ, ಇನ್ನೊಂದು ಕೈಯಲ್ಲಿ ಕೆರೀತಾರೆ. ಇದ್ಯಾವ ನ್ಯಾಯ?"

ನಾವು ವೈದ್ಯರಲ್ಲ, ಸಮಾಜ ವಿಜ್ಞಾನ ಹೇಳಿಕೊಡುವವರು. ಆದರೆ ಇವನು ಆರನೇ ತರಗತಿಯಲ್ಲಿದ್ದಾಗ ಸದಾ ಕಣ್ಣು ಉಜ್ಜುತ್ತಿದ್ದದ್ದು ನೆನಪಿದೆ. "ಪಾಠದಲ್ಲಿ ನಿದ್ದೆ ಬರುತ್ತೇನೋ" ಎಂದು ಗದರಿದ್ದೂ ನೆನಪಿದೆ. ವರ್ಷಕ್ಕೊಮ್ಮೆ ಅವನ ಕನ್ನಡಕದ ನಂಬರು ಬದಲಾಗುತ್ತಿತ್ತು. ನಾವು ಮಾಡಿದ್ದು ಮುಂದಿನ ಬೆಂಚಿಗೆ ಕೂರಿಸಿದ್ದಷ್ಟೇ. ಆ ಋಣಕ್ಕಾದರೂ ಉತ್ತರ ಹುಡುಕಬೇಕಿತ್ತು. ಹುಡುಕುತ್ತಾ ಹೋದ ಹಾಗೆ ಇದೊಂದು ಒಳ್ಳೇ ಚರಿತ್ರೆಯೇ ಆಗಿಬಿಟ್ಟಿತು.

ಮೊದಲು ಪದರದ ವಿಷಯ. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯೇ ಕಾರ್ನಿಯಾ. ನಮ್ಮೂರಿನ ತಮಿಳರು ಇದನ್ನು ಕರುವಿಳಿ ಅನ್ನುತ್ತಾರೆ, ಅಂದರೆ ಕಪ್ಪು ಕಣ್ಣು. ಪಾಪ, ಅದು ಕಪ್ಪೂ ಅಲ್ಲ ಏನೂ ಅಲ್ಲ, ನೀರಿನ ಹಾಗೆ ತಿಳಿ. ಹಿಂದಿರುವುದು ಕಾಣುತ್ತದೆ, ಅಷ್ಟೇ. ದಪ್ಪ ಸುಮಾರು ಅರ್ಧ ಮಿಲಿಮೀಟರು, 540 ಮೈಕ್ರಾನ್ ಆಸುಪಾಸು. ಬೆಳಕನ್ನು ಬಾಗಿಸುವ ಕಣ್ಣಿನ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಈ ತೆಳು ಪೊರೆಯದೇ. ಅದರ ಒಳಗೆ ಕೊಲಾಜೆನ್ ಎಂಬ ನಾರುಗಳು ಪದರ ಪದರವಾಗಿ ಹೆಣೆದುಕೊಂಡಿವೆ. ಕೆಲವರಲ್ಲಿ, ಹೆಚ್ಚಾಗಿ ಹತ್ತರಿಂದ ಇಪ್ಪತ್ತೈದರ ವಯಸ್ಸಿನೊಳಗೆ, ಈ ಹೆಣಿಗೆ ಸಡಿಲವಾಗುತ್ತಾ ಹೋಗುತ್ತದೆ. ಹಳೇ ಬುಟ್ಟಿಯ ತಳ ಭಾರಕ್ಕೆ ಜಗ್ಗುವ ಹಾಗೆ, ಕಣ್ಣೊಳಗಿನ ಒತ್ತಡಕ್ಕೆ ಪೊರೆ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಇದಕ್ಕೆ ಕೆರಟೊಕೋನಸ್ ಎಂದು ಹೆಸರು. ಒಂದು ದೀಪ ನೋಡಿದರೆ ಮೂರು ನಾಲ್ಕಾಗಿ, ಬಾಲ ಬಿಟ್ಟುಕೊಂಡು ಕಾಣುತ್ತದೆ. ಕಣ್ಣು ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ ಎಂದು ವೈದ್ಯರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ.

ಇದು ಅಪರೂಪದ ಕಾಯಿಲೆ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ಮಿನ್ನೆಸೋಟದಲ್ಲಿ ಮಾಡಿ 1986ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲಕ್ಷಕ್ಕೆ 54 ಜನ. ಆದರೆ 2009ರಲ್ಲಿ ನಾಗಪುರ ಸೀಮೆಯ ಹಳ್ಳಿಗಳ ಅಧ್ಯಯನವೊಂದು ಬಂತು. ಅದರಲ್ಲಿ ನೂರಕ್ಕೆ 2.3! ಎರಡೂ ಕಡೆ ಅಳತೆಗೋಲು ಬೇರೆ, ಹಾಗಾಗಿ ನೇರ ತಾಳೆ ಹಾಕುವಂತಿಲ್ಲ. ಆದರೂ ನಮ್ಮ ದೇಶದ ಶಾಲೆಗಳಲ್ಲಿ ಇಂಥ ಮಕ್ಕಳು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ ಅನ್ನೋದಂತೂ ಖಂಡಿತ.

ಈ ಉಬ್ಬಿದ ಕಣ್ಣನ್ನು 1748ರಲ್ಲೇ ಜರ್ಮನಿಯ ಮೌಖಾರ್ಟ್ ಎಂಬ ವೈದ್ಯ ಬರೆದಿಟ್ಟಿದ್ದ. 1854ರಲ್ಲಿ ಲಿವರ್‌ಪೂಲಿನ ಜಾನ್ ನಾಟಿಂಗ್‌ಹ್ಯಾಮ್ ಇದರ ಮೇಲೆಯೇ ಒಂದು ಪುಸ್ತಕ ಬರೆದು, ಇದು ಬೇರೆಯೇ ಕಾಯಿಲೆ ಎಂದು ಬಿಡಿಸಿ ತೋರಿಸಿದ. ಕೆರಟೊಕೋನಸ್ ಅನ್ನುವ ಹೆಸರು ಊರಿದ್ದು 1869ರಲ್ಲಿ, ಸ್ವಿಟ್ಜರ್ಲೆಂಡಿನ ಹಾರ್ನರ್ ಎಂಬಾತನಿಂದ. ಆ ಕಾಲದ ಚಿಕಿತ್ಸೆ ಕೇಳಿದರೆ ಮೈ ಜುಂ ಅನ್ನುತ್ತದೆ. ಬರ್ಲಿನ್ನಿನ ದೊಡ್ಡ ನೇತ್ರವೈದ್ಯ ಗ್ರೇಫ್, ಉಬ್ಬಿದ ತುದಿಯನ್ನು ಸಿಲ್ವರ್ ನೈಟ್ರೇಟಿನಿಂದ ಸುಡುತ್ತಿದ್ದ! ಸುಟ್ಟ ಗಾಯ ಮಾಗುವಾಗ ಕಲೆಗಟ್ಟಿ ಬಿಗಿಯುತ್ತದೆ, ಉಬ್ಬು ಇಳಿಯುತ್ತದೆ ಅನ್ನುವ ಲೆಕ್ಕ. ನಗಬೇಡಿ. ಗಟ್ಟಿ ಮಾಡಿದರೆ ನಿಲ್ಲುತ್ತದೆ ಎಂಬ ಯೋಚನೆ ಆಗಲೇ ಇತ್ತು ನೋಡಿ. ಗಟ್ಟಿ ಮಾಡಿಯೂ ಪೊರೆಯನ್ನು ತಿಳಿಯಾಗಿ ಉಳಿಸಿಕೊಳ್ಳುವ ದಾರಿ ಗೊತ್ತಿರಲಿಲ್ಲ, ಅಷ್ಟೇ. ಅದಕ್ಕೆ ಇನ್ನೂ ನೂರಿಪ್ಪತ್ತು ವರ್ಷ ಹಿಡಿಯಿತು.

ನಡುವಿನ ಕಾಲದಲ್ಲಿ ಎರಡು ದಾರಿ ತೆರೆದವು. ಒಂದು, 1888ರಲ್ಲಿ ಬಂದ ಗಾಜಿನ ಕಾಂಟ್ಯಾಕ್ಟ್ ಲೆನ್ಸು. ಇನ್ನೊಂದು ಕಾರ್ನಿಯಾ ಕಸಿ. 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ದೇಶದ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯ, ಸುಣ್ಣ ಬಿದ್ದು ಕಣ್ಣು ಕಳಕೊಂಡಿದ್ದ ಕೂಲಿಯೊಬ್ಬನಿಗೆ ಮೊದಲ ಬಾರಿ ಯಶಸ್ವಿಯಾಗಿ ಕಸಿ ಮಾಡಿದ. ಕೆರಟೊಕೋನಸ್ ಮುಂದುವರಿದವರಿಗೆ ಮುಂದಿನ ಬಹುಪಾಲು ಶತಮಾನ ಕೊನೆಯ ನಿಲ್ದಾಣ ಇದೇ ಆಯಿತು. ಯಾರಾದರೂ ಸತ್ತು ಕಣ್ಣು ಕೊಡಬೇಕು, ಇವರು ಕಾಯಬೇಕು.

ನಮ್ಮ ಸೀಮೆಯವರು ಆಗ ಕಣ್ಣು ತೋರಿಸಲು ಎಲ್ಲಿಗೆ ಹೋಗುತ್ತಿದ್ದರು? ಹೊಸೂರು ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ. ಮದರಾಸಿನ ಎಗ್ಮೋರ್ ಕಣ್ಣಾಸ್ಪತ್ರೆ 1819ರಿಂದ ಇದೆ, ಲೋಕದಲ್ಲೇ ಬಹಳ ಹಳೆಯವುಗಳಲ್ಲಿ ಒಂದು. ದೇಶದ ಮೊದಲ ನೇತ್ರಬ್ಯಾಂಕು 1945ರಲ್ಲಿ ಶುರುವಾದದ್ದೂ ಅಲ್ಲೇ. ಆದರೆ ಇಲ್ಲಿಂದ ಅದು ಮುನ್ನೂರು ಕಿಲೋಮೀಟರು. ಬೆಂಗಳೂರಿನ ಮಿಂಟೊ ನಲವತ್ತು. ಸರ್ಕಾರದ ಲೆಕ್ಕದಲ್ಲಿ ಎಗ್ಮೋರ್, ಕಾಲಿನ ಲೆಕ್ಕದಲ್ಲಿ ಮಿಂಟೊ. ಗಡಿ ಯಾವುದಾದರೂ ಇರಲಿ, ಕಣ್ಣು ಮಂಜಾದವನು ಹತ್ತಿರದ ದಾರಿ ಹಿಡಿಯುತ್ತಾನೆ. ಆಗಿನ ಚಿಂತೆಯೆಲ್ಲ ಪೊರೆಯದ್ದೇ ಅನ್ನಿ, ಅಂದರೆ ಮುದುಕರ ಕಣ್ಣಿನ ಪೊರೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ, ದಿನಕ್ಕೆ ನೂರಾರು ಕಣ್ಣುಗಳ ಪೊರೆ ತೆಗೆದ ಕಥೆ ನಿಮಗೆ ಗೊತ್ತೇ ಇದೆ. ಶಾಲಾ ಹುಡುಗನ ಕಾರ್ನಿಯಾ ಉಬ್ಬಿದೆಯೇ ಎಂದು ನೋಡುವ ಕಾಲ ಇನ್ನೂ ಬಂದಿರಲಿಲ್ಲ.

ಈಗ ಲೇಸರಿನ ಕಡೆಗೆ ಬರೋಣ. ಇಲ್ಲಿ ನಮ್ಮ ರಾಜ್ಯದವರು ಸ್ವಲ್ಪ ಎದೆ ಉಬ್ಬಿಸಿಕೊಳ್ಳಬಹುದು. ರಂಗಸ್ವಾಮಿ ಶ್ರೀನಿವಾಸನ್ 1929ರಲ್ಲಿ ಹುಟ್ಟಿ, ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿಯ ಸಂಶೋಧನಾಲಯ ಸೇರಿದವರು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಂ ಜೊತೆ ಎಕ್ಸೈಮರ್ ಎಂಬ ನೇರಳಾತೀತ ಲೇಸರಿನ ಮೇಲೆ ಕೆಲಸ ಮಾಡುತ್ತಿದ್ದರು. 1981ರ ನವೆಂಬರ್ 27, ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ. ಶ್ರೀನಿವಾಸನ್ ಮನೆಯಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಲೇಸರ್ ಹಾಯಿಸಿದರು. ಸುಟ್ಟ ಗುರುತೇ ಇಲ್ಲದೆ ಚೊಕ್ಕವಾಗಿ ಕೊರೆಯಿತು. ಒಂದು ಮಿಡಿತಕ್ಕೆ ಕಾಲು ಮೈಕ್ರಾನಿನಷ್ಟು ಮಾತ್ರ ಸವೆಯುತ್ತದೆ. ಅಕ್ಕಪಕ್ಕಕ್ಕೆ ಬಿಸಿಯೇ ತಾಗುವುದಿಲ್ಲ. ಹಬ್ಬದ ತಂಗಳಿನಲ್ಲಿ ಇಂಥದ್ದೊಂದು ಸಿಕ್ಕಿದ್ದು ನಮಗಂತೂ ಬಲು ಇಷ್ಟವಾದ ಸಂಗತಿ. 1983ರಲ್ಲಿ ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಇವರ ಜೊತೆ ಸೇರಿ ದನದ ಕಣ್ಣುಗಳ ಮೇಲೆ ಪ್ರಯೋಗಿಸಿ ಪ್ರಕಟಿಸಿದರು. 1988ರಲ್ಲಿ ಅಮೆರಿಕದ ಮಾರ್ಗರೈಟ್ ಮೆಕ್‌ಡೊನಾಲ್ಡ್ ನೋಡಬಲ್ಲ ಮನುಷ್ಯರ ಕಣ್ಣಿಗೆ ಇದನ್ನು ತಂದರು. ಕಾರ್ನಿಯಾದ ಮೇಲ್ಮೈಯನ್ನೇ ಸವೆಸಿ ಆಕಾರ ತಿದ್ದುವ ಈ ವಿಧಾನಕ್ಕೆ ಪಿಆರ್‌ಕೆ ಎಂದು ಹೆಸರು. ಸ್ವಲ್ಪದರಲ್ಲೇ ಗ್ರೀಸಿನ ಪಲ್ಲಿಕಾರಿಸ್ ಮೊದಲಾದವರು ಮೇಲಿನ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಸವೆಸಿ, ಮತ್ತೆ ಮುಚ್ಚುವ ಲೇಸಿಕ್ ಕಂಡುಹಿಡಿದರು. ನೋವು ಕಡಿಮೆ, ಮರುದಿನವೇ ನೋಟ. ಅಂಗಡಿ ಅಂಗಡಿಯಲ್ಲಿ ಬೋರ್ಡು ಬಿತ್ತು.

ಆದರೆ ಎಲ್ಲದರ ತಳದಲ್ಲಿರುವುದು ಕೆರೆಯುವ ಕೆಲಸವೇ. ಒಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ಲೇಸಿಕ್ಕಿನಲ್ಲಿ ಮುಚ್ಚಳಕ್ಕೇ 100 ಮೈಕ್ರಾನಿನ ಮೇಲೆ ಬೇಕು. ಗಟ್ಟಿ ಕಾರ್ನಿಯಾ ಇದನ್ನು ತಾಳಿಕೊಳ್ಳುತ್ತದೆ. ಮೊದಲೇ ಸಡಿಲವಾದದ್ದು? 1998ರಲ್ಲಿ ಜರ್ಮನಿಯ ಥಿಯೋ ಸೈಲರ್ ತಂಡ ಉತ್ತರ ಬರೆಯಿತು. ಲೇಸಿಕ್ ಮಾಡಿಸಿಕೊಂಡ ಕೆಲವರ ಕಾರ್ನಿಯಾ ಆಮೇಲೆ ಉಬ್ಬತೊಡಗಿತ್ತು. ಕಾಯಿಲೆಯನ್ನು ಚಿಕಿತ್ಸೆಯೇ ತಂದಿತ್ತು. ನಮ್ಮ ಹುಡುಗ ಮುಂದಿನ ವಾರ ಮುಂಗಡ ಕಟ್ಟಿ ಮಲಗಬೇಕಿದ್ದದ್ದು ಇದೇ ಮೇಜಿನ ಮೇಲೆ.

ಸೊಗಸು ಏನೆಂದರೆ, ಎಚ್ಚರಿಕೆ ಕೊಟ್ಟ ಸೈಲರ್ ತಂಡವೇ ಮದ್ದನ್ನೂ ಹುಡುಕುತ್ತಿತ್ತು. ಡ್ರೆಸ್ಡೆನ್ ನಗರದ ವಿಶ್ವವಿದ್ಯಾಲಯದಲ್ಲಿ ಸೈಲರ್, ಸ್ಪೋರ್ಲ್, ವೋಲೆನ್ಸಾಕ್ ಎಂಬ ಮೂವರು. ಸಕ್ಕರೆ ಕಾಯಿಲೆ ಇರುವವರಿಗೆ ಕೆರಟೊಕೋನಸ್ ಬರುವುದು ಕಡಿಮೆ ಎಂಬುದು ಗಮನಕ್ಕೆ ಬಂದಿತ್ತು. ರಕ್ತದ ಸಕ್ಕರೆ ನಾರು ನಾರಿಗೆ ಅಂಟಿ ಅಡ್ಡಕೊಂಡಿ ಹಾಕಿಬಿಡುತ್ತದೆ, ಅದಕ್ಕೇ ಗಟ್ಟಿ. ಹಾಗಾದರೆ ಸಕ್ಕರೆ ಕಾಯಿಲೆಯಿಲ್ಲದೆ ಆ ಕೊಂಡಿ ಹಾಕುವುದು ಹೇಗೆ? ಅವರಿಗೆ ಸಿಕ್ಕ ಸಾಮಗ್ರಿ ರೈಬೋಫ್ಲೇವಿನ್. ಹೆದರಬೇಡಿ, ವಿಟಮಿನ್ ಬಿ2 ಅಷ್ಟೇ. ಹಾಲು ಒಡೆದಾಗ ಮೇಲೆ ನಿಲ್ಲುವ ನೀರಿಗೆ ಹಸಿರು ಹಳದಿ ಛಾಯೆ ಕೊಡುವುದು ಇದೇ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಮೇಲೆ ಬಚ್ಚಲಲ್ಲಿ ಕಾಣುವ ಹಳದಿಯೂ ಇದೇ. ಕಾರ್ನಿಯಾದ ಮೇಲ್ಚರ್ಮ ತೆಗೆದು, ಅರ್ಧ ಗಂಟೆ ಈ ಹಳದಿ ಹನಿ ಬಿಟ್ಟು, ಇನ್ನರ್ಧ ಗಂಟೆ ನೇರಳಾತೀತ ಬೆಳಕು ಬಿಟ್ಟರೆ, ವಿಟಮಿನ್ನು ಬೆಳಕನ್ನು ಹೀರಿ ನಾರುಗಳ ನಡುವೆ ಹೊಸ ಕೊಂಡಿ ಬೆಸೆಯುತ್ತದೆ. ಪೊರೆ ತಿಳಿಯಾಗಿಯೇ ಇರುತ್ತದೆ. ಹಂದಿಯ ಕಣ್ಣಿನ ಮೇಲೆ, ದಾನವಾಗಿ ಬಂದ ಮನುಷ್ಯರ ಕಣ್ಣಿನ ಮೇಲೆ ಎಳೆದು ನೋಡಿದರು. ಮನುಷ್ಯರ ಕಾರ್ನಿಯಾದ ಬಿಗಿ ನಾಲ್ಕೂವರೆ ಪಟ್ಟು ಹೆಚ್ಚಿತ್ತು. 2003ರಲ್ಲಿ 22 ರೋಗಿಗಳ 23 ಕಣ್ಣುಗಳ ವರದಿ ಬಂತು. ಎಲ್ಲದರಲ್ಲೂ ಕಾಯಿಲೆ ನಿಂತಿತ್ತು. 16 ಕಣ್ಣುಗಳಲ್ಲಿ ಉಬ್ಬು ಸುಮಾರು ಎರಡು ನಂಬರಿನಷ್ಟು ಇಳಿದೂ ಇತ್ತು. ಒಳಪದರದ ಜೀವಕೋಶಗಳಿಗೆ ಬೆಳಕು ತಾಗದಿರಲಿ ಎಂದು ಕನಿಷ್ಠ 400 ಮೈಕ್ರಾನ್ ದಪ್ಪ ಇರಲೇಬೇಕು ಎಂಬ ಕಟ್ಟುಪಾಡನ್ನೂ ಇಟ್ಟರು.

ಆದರೆ ನಿಂತಿತು ಅಂದರೆ ಇದ್ದಲ್ಲೇ ನಿಂತಿತು. ವಾಲಿದ ಗೋಡೆಗೆ ಊರೆ ಕೊಟ್ಟ ಹಾಗೆ. ಬೀಳುವುದಿಲ್ಲ, ಆದರೆ ನೆಟ್ಟಗೂ ಆಗುವುದಿಲ್ಲ. ರೋಗಿಗೆ ದೀಪ ಈಗಲೂ ಮೂರಾಗಿಯೇ ಕಾಣುತ್ತದೆ. ಇಲ್ಲಿ ಬರುತ್ತಾರೆ ಅಥೆನ್ಸಿನ ಜಾನ್ ಕನೆಲೋಪೌಲೋಸ್. ಗಟ್ಟಿ ಮಾಡಿದ ಕಾರ್ನಿಯಾವನ್ನು ಲೇಸರಿನಿಂದ ಸ್ವಲ್ಪ ತಿದ್ದಬಾರದೇಕೆ ಎಂದು ಕೇಳಿದವರು. ಬೈಂಡರ್ ಎಂಬ ವೈದ್ಯರ ಜೊತೆ 2007ರಲ್ಲಿ ಅವರು ಪ್ರಕಟಿಸಿದ ಪ್ರಕರಣದಲ್ಲಿ ಮೊದಲು ಗಟ್ಟಿ ಮಾಡಿ, ಒಂದು ವರ್ಷ ಬಿಟ್ಟು, ನಕ್ಷೆ ನೋಡಿಕೊಂಡು ಲೇಸರ್ ಮಾಡಿದ್ದರು. ಅದು ಕೆಲಸ ಮಾಡಿತು. ಆದರೆ ಅದರಲ್ಲೊಂದು ತೊಡಕಿತ್ತು, ನಮ್ಮ ಹುಡುಗ ಕೇಳಿದ್ದೇ. ಬೆಳಕು ಮೇಲಿಂದ ಬೀಳುತ್ತದೆ, ಹಾಗಾಗಿ ಹೆಚ್ಚು ಗಟ್ಟಿಯಾಗುವುದು ಮೇಲಿನ ಭಾಗವೇ. ಆಮೇಲೆ ಲೇಸರ್ ಸವೆಸಿ ಬಿಸಾಡುವುದೂ ಅದನ್ನೇ! ಕೊಂಡಿ ಹಾಕಿ, ಕೊಂಡಿ ಕಿತ್ತ ಹಾಗೆ. ಅದಕ್ಕೇ ಕ್ರಮವನ್ನೇ ತಿರುಗಿಸಿದರು. ಒಂದೇ ದಿನ, ಒಂದೇ ಮೇಜಿನ ಮೇಲೆ, ಮೊದಲು ಲೇಸರಿನಿಂದ ಆಕಾರ ತಿದ್ದುವುದು, ಕೂಡಲೇ ಹಳದಿ ಹನಿ ಬಿಟ್ಟು ಗಟ್ಟಿ ಮಾಡುವುದು. 2009ರಲ್ಲಿ 325 ಕಣ್ಣುಗಳನ್ನು ಹೋಲಿಸಿ, ವರ್ಷ ಬಿಟ್ಟು ಮಾಡಿದ್ದಕ್ಕಿಂತ ಒಂದೇ ದಿನ ಮಾಡಿದ್ದು ಮೇಲು ಎಂದು ಬರೆದರು. ಅಥೆನ್ಸ್ ಪದ್ಧತಿ ಎಂದು ಹೆಸರಾದದ್ದು ಇದೇ. ನಮ್ಮ ಹಳ್ಳಿಯ ಕುಂಬಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಸಿ ಮಡಕೆಯನ್ನು ತಟ್ಟಿ ಆಕಾರ ಮಾಡಿ ಆಮೇಲೆ ಸುಡುತ್ತಾನೆಯೇ ಹೊರತು, ಸುಟ್ಟ ಮೇಲೆ ಕೆತ್ತುವುದಿಲ್ಲ.

ಆದರೂ ಮಿತಿ ಬಿಗಿ. ಲೇಸರ್ 50 ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು ಎಂಬುದು ಆ ಪದ್ಧತಿಯ ಕಟ್ಟಳೆ. ಅದರಲ್ಲಿ ಇಡೀ ನಂಬರು ಹೋಗುವುದಿಲ್ಲ. ಜೊತೆಗೆ ಗಟ್ಟಿಯಾದ ಕಾರ್ನಿಯಾ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಚಪ್ಪಟೆಯಾಗುತ್ತಲೇ ಹೋಗಬಹುದು. ಕೊನೆಗೆ ಎಷ್ಟಕ್ಕೆ ನಿಲ್ಲುತ್ತದೆ ಎಂದು ಕರಾರುವಾಕ್ಕಾಗಿ ಹೇಳಲಾಗುವುದಿಲ್ಲ. ಉದ್ದೇಶ ಓರೆಕೋರೆ ತಿದ್ದಿ, ಕನ್ನಡಕ ಹಾಕಿದಾಗಲಾದರೂ ಸರಿಯಾಗಿ ಕಾಣುವಂತೆ ಮಾಡುವುದು. ಕನ್ನಡಕ ತೆಗೆಸುವ ಆಪರೇಷನ್ನೇ ಬೇರೆ, ಇದೇ ಬೇರೆ. ಎರಡನ್ನೂ ಒಂದೇ ಜಾಹೀರಾತಿನಲ್ಲಿ ಸೇರಿಸುವುದು ನಮ್ಮ ಮಟ್ಟಿಗೆ ಸರಿಯಲ್ಲ. ಆರೋಗ್ಯವಂತ ಕಾರ್ನಿಯಾಕ್ಕೂ ಮುನ್ನೆಚ್ಚರಿಕೆಯಾಗಿ ಲೇಸಿಕ್ ಜೊತೆಗೇ ಒಂದಿಷ್ಟು ಗಟ್ಟಿ ಮಾಡುವ ರೂಢಿ ಕೆಲವು ಕಡೆ ಬಂದಿದೆ. ಅದು ಎಷ್ಟು ಜನಕ್ಕೆ ನಿಜವಾಗಿ ಬೇಕು ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಅಮೆರಿಕದ ಔಷಧ ಇಲಾಖೆ ಈ ಬೆಳಕಿನ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದೇ 2016ರಲ್ಲಿ. ಏಪ್ರಿಲ್‌ನಲ್ಲಿ ಹೆಚ್ಚುತ್ತಿರುವ ಕೆರಟೊಕೋನಸ್‌ಗೆ, ಜುಲೈನಲ್ಲಿ ಲೇಸರ್ ನಂತರ ಉಬ್ಬಿದ ಕಣ್ಣಿಗೆ.

ನಮ್ಮ ಕಡೆ ಅದಕ್ಕೂ ಮುಂಚೆಯೇ ಬಂದಿತ್ತು. ಡಾ. ಭುಜಂಗ ಶೆಟ್ಟಿಯವರು 1982ರಲ್ಲಿ ಬೆಂಗಳೂರಲ್ಲಿ ಕಟ್ಟಿದ ನಾರಾಯಣ ನೇತ್ರಾಲಯದಲ್ಲಿ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು ಕೆರಟೊಕೋನಸ್‌ಗೆ ನಕ್ಷೆಯಾಧಾರಿತ ಲೇಸರ್ ತಿದ್ದುಪಡಿಯ ಬಗ್ಗೆ 2013ರಲ್ಲೇ ಭಾರತೀಯ ನೇತ್ರವೈದ್ಯರ ಪತ್ರಿಕೆಯಲ್ಲಿ ಬರೆದಿದ್ದಾರೆ. ಅದರ ಒಂದು ಶಾಖೆ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲೇ ಇದೆ, ಅತ್ತಿಬೆಲೆ ದಾಟಿದರೆ ಸಿಗುತ್ತದೆ. ಭುಜಂಗ ಶೆಟ್ಟಿಯವರು 2023ರ ಮೇ ತಿಂಗಳಲ್ಲಿ ತೀರಿಕೊಂಡರು. ಇದೇ ಆಸ್ಪತ್ರೆಯ ನೇತ್ರಬ್ಯಾಂಕಿಗೆ ಡಾ. ರಾಜ್‌ಕುಮಾರ್ ಹೆಸರಿದೆ. ನಮ್ಮ ಹಾಗೆಯೇ ಗಡಿಯಾಚೆ, ತಾಳವಾಡಿ ಪಕ್ಕದ ಗಾಜನೂರಿನಲ್ಲಿ ಹುಟ್ಟಿದ ಅಣ್ಣಾವ್ರು 2006ರಲ್ಲಿ ಹೋದಾಗ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಒಂದೊಂದು ಕಾರ್ನಿಯಾವನ್ನೂ ಮೇಲಿನ ಪದರ, ಒಳಪದರ ಎಂದು ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಅರ್ಧ ಮಿಲಿಮೀಟರನ್ನೂ ಸೀಳಿ ಹಂಚಬಹುದು ಎಂದು ಕನ್ನಡಿಗರಿಗೆಲ್ಲ ಗೊತ್ತಾದದ್ದು ಆಗ. ಸಮಯಕ್ಕೆ ಸರಿಯಾಗಿ ಗಟ್ಟಿ ಮಾಡಿಸಿಕೊಂಡವನು ಈ ಕಸಿಯ ಸರದಿಯಿಂದ ಹೊರಗುಳಿಯುತ್ತಾನೆ, ಆ ಕಣ್ಣು ಇನ್ನೊಬ್ಬರಿಗೆ ಸಿಗುತ್ತದೆ.

ಇದನ್ನೆಲ್ಲ ನಮ್ಮ ಹುಡುಗನಿಗೆ ಎರಡು ಸಂಜೆ ಕೂತು ಹೇಳಿದೆವು. ಕುಂಬಾರನ ಮಾತು ಅವನಿಗೆ ತಟ್ಟನೆ ಹಿಡಿಯಿತು. "ಅಂದ್ರೆ ಕನ್ನಡಕ ಹೋಗಲ್ಲ" ಅಂದ. ಹೋಗಲ್ಲ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮುಂಗಡದ ಹಣ ವಾಪಸ್ ಕೊಡ್ತಾರಾ ಅಂತ ಕೇಳಿದ. ಅದು ಬರಲಿಲ್ಲ ಬಿಡಿ.

ಬೆಂಗಳೂರಲ್ಲಿ ಮತ್ತೆ ತೋರಿಸಿದಾಗ, ಎಡಗಣ್ಣಿಗೆ ಲೇಸರ್ ಮತ್ತು ಗಟ್ಟಿ ಮಾಡುವುದು ಎರಡೂ, ಬಲಗಣ್ಣಿಗೆ ದಪ್ಪ ಸಾಲದಾದ್ದರಿಂದ ಗಟ್ಟಿ ಮಾಡುವುದು ಮಾತ್ರ ಎಂದು ತೀರ್ಮಾನವಾಯಿತು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತಂತೆ. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಹುಡುಗ ಅದನ್ನು ತಿರುಗಿಸಿ ಇಂಗ್ಲಿಷ್ ಬದಿ ಹುಡುಕುತ್ತಿದ್ದಾಗ, ತಮಿಳುನಾಡಿನಿಂದ ಬಂದ ಇವನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ ರುಜು ಹಾಕಿದನಂತೆ. ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಮೂರು ದಿನ ಉರಿ, ನೀರು, ಬೆಳಕು ನೋಡಲಾಗದ ಸ್ಥಿತಿ. ಒಂದು ತಿಂಗಳು ಎಲ್ಲ ಮಸುಕು, "ಮೊದಲಿದ್ದದ್ದೇ ವಾಸಿ ಇತ್ತು ಮೇಷ್ಟ್ರೇ" ಎಂದು ಫೋನು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು, ಆದರೂ ನಮಗೆ ನಿದ್ದೆ ಬರಲಿಲ್ಲ. ನಾಲ್ಕನೇ ತಿಂಗಳು ತೆಗೆದ ನಕ್ಷೆಯಲ್ಲಿ ಎಡಗಣ್ಣಿನ ಕೆಂಪು ಗುಡ್ಡೆ ಕಿತ್ತಳೆಗೆ ಇಳಿದಿತ್ತು. ಹೊಸ ಕನ್ನಡಕದಲ್ಲಿ ಬಸ್ಸಿನ ಬೋರ್ಡು ಒಂದೇ ಬೋರ್ಡಾಗಿ ಕಾಣುತ್ತದಂತೆ. ಬಲಗಣ್ಣು ಇದ್ದ ಹಾಗೇ ಇದೆ, ಹೆಚ್ಚಿಲ್ಲ.

ಮದುವೆ ಕೆಲಮಂಗಲದ ಛತ್ರದಲ್ಲಿ ನಡೆಯಿತು, ನಾವೂ ಹೋಗಿದ್ದೆವು. ಫೋಟೋದವನು "ಕನ್ನಡಕ ತೆಗೀರಿ ಸಾರ್, ಫ್ಲ್ಯಾಷ್ ಹೊಡೀತದೆ" ಎಂದು ಎರಡು ಸಲ ಹೇಳಿದ. ಇವನು ತೆಗೆಯಲಿಲ್ಲ. ಊಟದ ಪಂಕ್ತಿಯಲ್ಲಿ ಅವನ ಅಕ್ಕನ ಮಗ, ಎಂಟು ವರ್ಷದವನು, ಎರಡು ಮುಷ್ಟಿಯಿಂದಲೂ ಕಣ್ಣುಜ್ಜುತ್ತಾ ಕೂತಿದ್ದ. ನಾವು ಗದರುವಷ್ಟರಲ್ಲಿ ಮದುಮಗನೇ ಎದ್ದು ಬಂದು ಆ ಕೈ ಹಿಡಿದು ಕೆಳಗಿಳಿಸಿ, ಅಕ್ಕನಿಗೆ ಏನೋ ಹೇಳಿದ. ಮುಂದಿನ ಶನಿವಾರ ಆ ಹುಡುಗನನ್ನು ಕರಕೊಂಡು ಬೊಮ್ಮಸಂದ್ರಕ್ಕೆ ಹೋಗುತ್ತಾರಂತೆ.